ಮುಂಭಾರ

ಮಹಾನವಮಿಯ ಬೆಳಿಗ್ಗೆ ಟ್ರಕ್ಕಿಗೆ ಪೂಜೆ ಮಾಡಿ ನಾಲ್ಕು ಗಾಲಿಗಳ ಅಡಿಗೆ ನಾಲ್ಕು ನಿಂಬೆಹಣ್ಣು ಇಟ್ಟ ಮೇಲೆ ಒಂದು ಹಣ್ಣು ಮಿಕ್ಕಿತು. ಅದನ್ನು ಹಿಂಬಾಗಿಲ ಹತ್ತಿರ, ಸಾಮಾನು ಹೇರುವ ಬೆಡ್ಡಿನ ಮೇಲೆ ಇಟ್ಟೆ. ಬೆಡ್ಡಿನ ನೆಲದಲ್ಲಿ ನೇಗಿಲು ಎಳೆದಂತೆ ಉದ್ದುದ್ದಕ್ಕೆ ಸಾಲುಗಳಿರುತ್ತವೆ. ಹಣ್ಣು ಒಂದು ಸಾಲು ಹಿಡಿದು, ಯಾರೋ ಕರೆದ ಹಾಗೆ, ಮುಂದಕ್ಕೆ ಉರುಳತೊಡಗಿತು. ಐದೂವರೆ ಅಡಿ ದೂರ ಸಾಗಿ ಕ್ಯಾಬಿನ್ನಿನ ಗೋಡೆಗೆ ಟೊಕ್ಕೆಂದು ತಾಗಿ ನಿಂತಿತು. ಎತ್ತಿ ಹಿಂದೆ ತಂದಿಟ್ಟೆ. ಮತ್ತೆ ಅದೇ ಸಾಲು, ಅದೇ ದಾರಿ, ಅದೇ ಟೊಕ್ಕು.

ನಮ್ಮ ಮನೆ ಟೆಕ್ಸಸ್ಸಿನಲ್ಲಿ, ಡಲ್ಲಾಸಿನ ಹೊರವಲಯದಲ್ಲಿದೆ. ಇಲ್ಲಿ ಲೆಮನ್ ಎಂದರೆ ದೊಡ್ಡ ಹಳದಿ ಹಣ್ಣು. ನಮ್ಮ ನಿಂಬೆಗೆ ಹತ್ತಿರದ್ದು ಬೇಕಾದರೆ ಮೆಕ್ಸಿಕನ್ ಅಂಗಡಿಗೆ ಹೋಗಿ ಬಲೆಚೀಲದಲ್ಲಿ ತುಂಬಿದ ಸಣ್ಣ ಲೈಮ್ ತರಬೇಕು. ಅಷ್ಟು ದೂರದಿಂದ ತಂದ ಹಣ್ಣು ನನ್ನ ಗಾಡಿಯ ವಿಷಯದಲ್ಲಿ ಏನೋ ಹೇಳುತ್ತಿದೆ ಅನ್ನಿಸಿತು. ಹೇಳುತ್ತಿದ್ದುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಟ್ರಕ್ ಕೊಂಡ ಮೊದಲ ವಾರದಿಂದಲೂ ಅದು ನನ್ನ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಬೆಳಿಗ್ಗೆ ಚಹಾ ಹಿಡಿದು ಅಂಗಳಕ್ಕೆ ಬಂದರೆ ಮೂತಿ ತಗ್ಗಿಸಿ, ಬೆನ್ನೆತ್ತಿ, ನೀರು ಕುಡಿಯುವ ಎತ್ತಿನ ಹಾಗೆ ನಿಂತಿರುತ್ತಿತ್ತು. ಪಕ್ಕದಿಂದ ನೋಡಿದರೆ ಬಾಗಿಲ ಕೆಳಗಿನ ಗೆರೆ ನೆಲಕ್ಕೆ ಸಮನಾಗಿರದೆ ಮುಂದಕ್ಕೆ ಜಾರುತ್ತಿತ್ತು. ಒಮ್ಮೆ ಕಂಡ ಮೇಲೆ ಅದು ಕಾಣದಂತಿರುವುದು ಸಾಧ್ಯವಿಲ್ಲ. ಗೋಡೆಯ ಮೇಲೆ ಸೊಟ್ಟಗೆ ತೂಗಿದ ಪಟದ ಹಾಗೆ, ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಗಾಡಿ 2013ರ ಫೋರ್ಡ್ ಎಫ್-150, ಎರಡನೆಯ ಕೈಯದು. ಅಮೆರಿಕದಲ್ಲಿ 1977ರಿಂದ ಈಚೆಗೆ ಎಫ್ ಸರಣಿಯ ಟ್ರಕ್ಕುಗಳಷ್ಟು ಬೇರೆ ಯಾವ ಪಿಕಪ್ಪೂ ಮಾರಾಟವಾಗಿಲ್ಲ. ನಮ್ಮ ಬೀದಿಯಲ್ಲೇ ನಾಲ್ಕಿವೆ. ತರಕಾರಿ ಮಡಿಗೆ ಗೊಬ್ಬರ ತರಲು, ಗೆಳೆಯರ ಮನೆ ಬದಲಾಯಿಸಲು, ರಾಜ್ಯೋತ್ಸವಕ್ಕೆ ಸಭಾಂಗಣದ ಮೇಜು ಕುರ್ಚಿ ಸಾಗಿಸಲು ಎಂದೆಲ್ಲ ಕಾರಣ ಹೇಳಿ ಕೊಂಡೆ. ನಿಜವಾದ ಕಾರಣ ಬೇರೆ ಇತ್ತು. ಹೇರುವ ಗಾಡಿ ಇಲ್ಲದ ಮನೆ ನನಗೆ ಮನೆಯ ಹಾಗೆ ಅನ್ನಿಸುವುದಿಲ್ಲ. ನವಲಗುಂದದ ಕಡೆಯ ನಮ್ಮ ಊರಿನಲ್ಲಿ ಮನೆಯ ಮುಂದೆ ಚಕ್ಕಡಿ ನಿಂತಿದ್ದರೆ ಒಳಗೆ ಒಕ್ಕಲುತನ ನಡೆದಿದೆ ಎಂದರ್ಥ. ನೊಗ ನೆಲಕ್ಕೂರಿ, ಮೈಯೆಲ್ಲ ಹಿಂದಕ್ಕೆ ಮೇಲೆದ್ದು ನಿಂತ ಆ ಚಕ್ಕಡಿಯ ಇಳಿಜಾರಿನಲ್ಲಿ ಜಾರುಬಂಡಿ ಆಡಿ ಬೆಳೆದವನು ನಾನು. ಅಂಥವನಿಗೆ ಟ್ರಕ್ಕಿನ ಎರಡಿಂಚಿನ ಇಳಿಜಾರು ಯಾಕೆ ಸೈರಿಸದಾಯಿತೋ, ಅದನ್ನು ಯೋಚಿಸಿದ್ದು ಬಹಳ ತಡವಾಗಿ.

ಪಕ್ಕದ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ನಲವತ್ತು ವರ್ಷ ಟ್ರಕ್ಕುಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿದ ಜೀವ. ನಾನು ನಿಂಬೆಹಣ್ಣು ಉರುಳಿಸಿ ತೋರಿಸಿದೆ. ಅವರು ಹಣ್ಣು ನೋಡಲಿಲ್ಲ, ನೆಲ ನೋಡಿದರು. ಮನೆಯೊಳಗೆ ಹೋಗಿ ನಾಲ್ಕಡಿ ಉದ್ದದ ರಸಮಟ್ಟ ತಂದು ಗಾಡಿಯ ಪಕ್ಕದ ಕಾಂಕ್ರೀಟಿನ ಮೇಲೆ ಇಟ್ಟರು. ಗಾಜಿನ ಕೊಳವೆಯೊಳಗಿನ ಗುಳ್ಳೆ ಮನೆಯ ಕಡೆಗೆ ಓಡಿತು. “ಮೊದಲು ನಿನ್ನ ಅಂಗಳ ಬೀದಿಗೆ ಬಾಗಿದೆ, ಆಮೇಲೆ ಟ್ರಕ್ಕು. ಇಬ್ಬರ ತಪ್ಪನ್ನೂ ಒಬ್ಬನ ಮೇಲೆ ಹಾಕಬೇಡ,” ಎಂದರು.

ಪೂಜೆಗೆಂದು ಗಾಡಿಯನ್ನು ಬೀದಿಗೆ ಮುಖ ಮಾಡಿ ನಿಲ್ಲಿಸಿದ್ದೆ. ಮಳೆನೀರು ಹರಿಯಲೆಂದು ಕಟ್ಟುವಾಗಲೇ ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಅದರ ಜೊತೆಗೆ ನಮ್ಮ ಮಣ್ಣು ಸೇರಿಕೊಂಡಿತ್ತು. ಡಲ್ಲಾಸ್ ಇರುವ ಈ ಪಟ್ಟಿಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎಂದು ಹೆಸರು. ಒಂದು ಕಾಲಕ್ಕೆ ಹತ್ತಿಗೆ ಹೆಸರಾದ ನೆಲ. ಇಲ್ಲಿಯ ಕರಿಮಣ್ಣು, ನಮ್ಮ ನವಲಗುಂದದ ಎರೆಮಣ್ಣು ಎರಡನ್ನೂ ಮಣ್ಣಿನ ಶಾಸ್ತ್ರದವರು ವರ್ಟಿಸಾಲ್ ಎಂಬ ಒಂದೇ ಗುಂಪಿಗೆ ಸೇರಿಸುತ್ತಾರೆ. ಹದಿನೈದು ವರ್ಷದ ಹಿಂದೆ ಈ ದೇಶಕ್ಕೆ ಬಂದ ಹೊಸತರಲ್ಲಿ, ಮಳೆ ನಿಂತ ಮರುದಿನ ಚಪ್ಪಲಿಗೆ ಮೆತ್ತಿಕೊಂಡ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಕೂತಿದ್ದಾಗ ನನಗೆ ಗಂಟಲು ಕಟ್ಟಿಬಂದಿತ್ತು. ಆ ಅಂಟು ನನ್ನ ಕಾಲಿಗೆ ಗೊತ್ತಿತ್ತು.

ಈ ಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ನಮ್ಮೂರ ಹೊಲದಲ್ಲಿ ಏಪ್ರಿಲ್ಲಿನ ಬಿರುಕುಗಳಲ್ಲಿ ಮೊಳಕೈ ತನಕ ಕೈ ಹೋಗುತ್ತಿತ್ತು. ಕುಡಗೋಲು ಬಿದ್ದರೆ ಮುಂಗಾರಿನ ತನಕ ಆಸೆ ಬಿಡಬೇಕು. ಇಲ್ಲಿ ಅದೇ ಮಣ್ಣಿನ ಮೇಲೆ ಮನೆ ಕಟ್ಟಿಕೊಂಡಿದ್ದೇವೆ. ಬೇಸಿಗೆಯಲ್ಲಿ ಮನೆಯ ಸುತ್ತ ಸೋರುವ ಪೈಪು ಹಾಸಿ ಬುನಾದಿಗೆ ನೀರುಣಿಸುತ್ತೇವೆ. ಒಂದು ವರ್ಷ ನಮ್ಮ ಮಲಗುವ ಕೋಣೆಯ ಬಾಗಿಲು ಚಿಲಕಕ್ಕೆ ಸಿಗದಂತಾಗಿ, ಮಳೆ ಬಂದ ಮೇಲೆ ತಾನೇ ಸರಿಹೋಯಿತು. ಹೀಗೆ ಉಸಿರಾಡುವ ನೆಲದ ಮೇಲೆ ನಿಂತು ನಾನು ಗಾಡಿಯ ಮಟ್ಟ ಹಿಡಿಯಲು ಹೊರಟಿದ್ದೆ.

ಹಿರಿಯರು ಟೇಪು ತಂದರು. ಪ್ರತಿ ಗಾಲಿಯ ಮೇಲೂ ನೆಲದಿಂದ ಮಡ್ಗಾರ್ಡಿನ ಅಂಚಿನ ತನಕ ಅಳೆದೆವು. ಮುಂದೆ ಮೂವತ್ತಾರೂವರೆ ಇಂಚು, ಹಿಂದೆ ಮೂವತ್ತೆಂಟೂವರೆ. ಗಾಡಿಯ ಪಾಲು ಎರಡು ಇಂಚು. ಮಿಕ್ಕದ್ದು ಭೂಮಿತಾಯಿಯ ಪಾಲು.

ಮುಂಭಾಗವನ್ನು ಎತ್ತಲು ಲೆವೆಲಿಂಗ್ ಕಿಟ್ ಎಂಬುದು ಸಿಗುತ್ತದೆ. ನನ್ನ ಟ್ರಕ್ಕಿಗೆ ಒಂದೂವರೆ, ಎರಡು, ಎರಡೂವರೆ ಇಂಚಿನವು ಇದ್ದವು. ನನಗೆ ಲೆಕ್ಕ ಸುಲಭ: ಎರಡಿಂಚು ಕಡಿಮೆ ಇದೆ, ಎರಡಿಂಚು ಎತ್ತಿದರೆ ಆಯಿತು. ಆ ಶನಿವಾರ ಊರಿಗೆ ವಿಡಿಯೊ ಕರೆ ಮಾಡಿದಾಗ ಅಪ್ಪನಿಗೂ ಹೇಳಿದೆ. ನಮಗೆ ಬೆಳಗು, ಅವರಿಗೆ ರಾತ್ರಿ. ರೊಟ್ಟಿ ಉಂಡು ಕಟ್ಟೆಯ ಮೇಲೆ ಕೂತಿದ್ದರು. ಫೋನನ್ನು ಗಾಡಿಯ ಸುತ್ತ ಒಂದು ಸುತ್ತು ತಿರುಗಿಸಿದೆ.

“ಮಾರಿ ಕೆಳಗ ಹಾಕಿ ನಿಂತೈತಿ,” ಎಂದರು ಅಪ್ಪ.

“ಹೌದಪ್ಪಾ. ಅದನ್ನ ಎತ್ತಬೇಕಂತ ಮಾಡೇನಿ.”

“ಖಾಲಿ ಐತೇನು?”

“ಖಾಲಿ ಐತಿ.”

“ಖಾಲಿ ಚಕ್ಕಡಿ ನೋಡಿ ಮಾತಾಡಬ್ಯಾಡೋ ತಮ್ಮಾ. ಹೇರಿ ನೋಡು.”

ಅಷ್ಟು ಹೇಳಿದ ಮೇಲೆ ಮಾತು ಮಳೆಯ ಕಡೆಗೆ, ಕಡಲೆಯ ಬಿತ್ತನೆಯ ಕಡೆಗೆ ಹೊರಳಿತು. ನಾನು ಫೋನು ಇಟ್ಟ ಮೇಲೂ ಆ ಮಾತಿನಲ್ಲೇ ನಿಂತಿದ್ದೆ.

ಎರಡೇ ಗಾಲಿಯ ಗಾಡಿಯಲ್ಲಿ ಎಲ್ಲವೂ ಅಚ್ಚಿನ ಹಿಂದೆಮುಂದೆ ಎಷ್ಟು ಭಾರ ಬಿತ್ತು ಎಂಬುದರ ಮೇಲೆ ನಿಂತಿದೆ. ಹತ್ತಿಯ ಅಂಡಿಗೆ ಹೇರುವಾಗ, ಜೋಳದ ಚೀಲ ಹೇರುವಾಗ, ಕಣಿಕೆ ಹೇರುವಾಗ ಅಪ್ಪ ಮೂರು ಬಗೆಯಾಗಿ ಹೇರುತ್ತಿದ್ದರು. ಅರ್ಧ ಹೇರಿದ ಮೇಲೆ ಎತ್ತು ಹೂಡುವ ಮುನ್ನ ನೊಗದ ಹತ್ತಿರ ಬಂದು, ಎರಡೂ ಕೈಯಿಂದ ಅದನ್ನು ಸ್ವಲ್ಪ ಎತ್ತಿ ನೋಡುತ್ತಿದ್ದರು. ಅಂಗೈಗೆ ಬಂದ ಭಾರದಲ್ಲೇ ಅವರಿಗೆ ತಿಳಿಯುತ್ತಿತ್ತು. “ಮುಂಭಾರ ಆತಂದ್ರ ಎತ್ತಿನ ಹೆಗಲು ಹೋಗತೈತಿ, ಹಿಂಭಾರ ಆತಂದ್ರ ಕೊಳ್ಳು ಹೋಗತೈತಿ,” ಅನ್ನುತ್ತಿದ್ದರು. ಭಾರ ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಕೊರಳ ಕೆಳಗಿನ ಪಟ್ಟಿ ಬಿಗಿದು ಎತ್ತಿಗೆ ಉಸಿರು ಕಟ್ಟುತ್ತದೆ. ಆದ್ದರಿಂದ ಭಾರ ಯಾವಾಗಲೂ ತುಸು ಮುಂದೆಯೇ ಇರಬೇಕು. ಹಳ್ಳದ ದಂಡೆ ಏರುವಾಗ ಹೇರು ಹಿಂದಕ್ಕೆ ವಾಲುತ್ತದೆಂದು ನಮ್ಮಂಥ ಹುಡುಗರನ್ನೆಲ್ಲ ಮುಂದಕ್ಕೆ ಕರೆದು ಕೂರಿಸುತ್ತಿದ್ದರು. ಇಳಿಯುವಾಗ ಹಿಂದಕ್ಕೆ ಕಳಿಸುತ್ತಿದ್ದರು. ಹತ್ತು ವರ್ಷದ ಹುಡುಗನ ತೂಕಕ್ಕೂ ಅಲ್ಲಿ ಒಂದು ಕೆಲಸವಿತ್ತು. ಅಪ್ಪ ಹೆಸರು ಹಿಡಿದು ಕೂಗಿ “ಮುಂದ ಬಾ” ಎಂದಾಗ ನನಗಾಗುತ್ತಿದ್ದ ಹೆಮ್ಮೆಯನ್ನು ಈಗಲೂ ನೆನೆಯುತ್ತೇನೆ.

ಪಿಕಪ್ ಮಾಡುವವರೂ ಇದನ್ನೇ ಯೋಚಿಸಿರುತ್ತಾರೆ. ಖಾಲಿಯಿದ್ದಾಗ ಹಿಂಭಾಗವನ್ನು ಬೇಕೆಂದೇ ಎತ್ತರಕ್ಕೆ ಇಡುತ್ತಾರೆ. ಹೇರಿದಾಗ ಹಿಂದಿನ ಕಮಾನು ಪಟ್ಟಿಗಳು ಚಪ್ಪಟೆಯಾಗಿ ಗಾಡಿ ಸಮಕ್ಕೆ ಬರಲಿ ಎಂದು. ಮೂತಿ ತಗ್ಗಿದ್ದರೆ ಓಡುವಾಗ ಅಡಿಗೆ ನುಗ್ಗುವ ಗಾಳಿಯೂ ಕಡಿಮೆ. ಅಂದರೆ ನನ್ನ ಅಂಗಳದಲ್ಲಿ ದಿನವೂ ಕಣ್ಣಿಗೆ ಚುಚ್ಚುತ್ತಿದ್ದುದು ಒಂದು ಕೊರತೆಯೇ ಆಗಿರಲಿಲ್ಲ. ಗಾಡಿ ಹೇರಿಗಾಗಿ ಕಾಯುತ್ತ ನಿಂತಿತ್ತು. ನಾನು ಅದಕ್ಕೆ ತಿಂಗಳುಗಟ್ಟಲೆ ಏನನ್ನೂ ಹೇರಿರಲಿಲ್ಲ.

ಇಷ್ಟು ತಿಳಿದ ಮೇಲೂ ಎತ್ತುವ ಆಸೆ ಹೋಗಲಿಲ್ಲ ಎಂಬುದನ್ನು ಹೇಳಬೇಕು. ಮಣ್ಣಿನ ದಾರಿಯಲ್ಲಿ ಮುಂದಿನ ಬಂಪರು ಎರಡು ಸಲ ನೆಲ ಕೆರೆದಿತ್ತು. ಅದಕ್ಕಿಂತ ಮಿಗಿಲಾಗಿ, ಈ ಗಾಡಿಯ ಮೇಲೆ ನನ್ನ ಕೈಯಿಂದ ಒಂದು ಕೆಲಸವಾಗಬೇಕು ಎಂಬ ಹಂಬಲ. ಹಿರಿಯರನ್ನು ಕೇಳಿದೆ. “ಒಂದೂವರೆ ಹಾಕು. ಅರ್ಧ ಇಂಚು ಅದಕ್ಕೇ ಬಿಡು. ನಾಳೆ ಕಲ್ಲು ಹೇರಿದರೆ ಬೇಕಾಗುತ್ತದೆ,” ಎಂದರು. ಸಾವಿರಾರು ಮೈಲಿ ಆಚೆ ಈಚೆ ಇರುವ, ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರು ಮುದುಕರು ಒಂದೇ ಮಾತು ಹೇಳಿದ ಮೇಲೆ ನಾನು ಕಿಟ್ ತರಿಸಿದೆ.

ಪೆಟ್ಟಿಗೆ ತೆರೆದ ಮಗ, “ಇಷ್ಟೇನಾ?” ಎಂದ. ಅವನಿಗೆ ಹದಿನಾಲ್ಕು. ಒಳಗಿದ್ದುದು ಎರಡು ಅಲ್ಯೂಮಿನಿಯಂ ಬಿಲ್ಲೆಗಳು ಮತ್ತು ಒಂದು ಹಿಡಿ ನಟ್ಟು ಬೋಲ್ಟು. ನಡುವೆ ತೂತಿರುವ ಆ ಬಿಲ್ಲೆ ಬೀಸುಕಲ್ಲಿನ ಮೇಲಿನ ಕಲ್ಲಿನ ಮರಿಯಂತಿತ್ತು. ದಪ್ಪ ಅಳೆದರೆ ಮುಕ್ಕಾಲು ಇಂಚಿನಷ್ಟು. ಒಂದೂವರೆ ಎಂದು ಹೇಳಿ ಅರ್ಧ ಕೊಟ್ಟಿದ್ದಾರೆ ಎಂದು ಅವನಿಗೆ ಅನ್ನಿಸಿತು. ಅವನನ್ನು ಬಾಗಿಲ ಹತ್ತಿರ ಕರೆದೊಯ್ದು, ತಿರುಗಣಿಗೂ ಚಿಲಕಕ್ಕೂ ನಡುವೆ ಕೈಯಿಟ್ಟು ನಾಲ್ಕು ಬೆರಳಿನಷ್ಟು ತಳ್ಳಲು ಹೇಳಿದೆ. ಬಾಗಿಲ ಅಂಚು ಎಂಟು ಬೆರಳು ಸರಿಯಿತು. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಸ್ಟ್ರಟ್ಟು ಕೂರುವುದು ಕೆಳಗಿನ ತೋಳಿನ ಮಧ್ಯದಲ್ಲಿ. ಗಾಲಿ ಇರುವುದು ತೋಳಿನ ತುದಿಯಲ್ಲಿ. ಮಧ್ಯದಲ್ಲಿ ಮುಕ್ಕಾಲು ಇಂಚು ಒತ್ತಿದರೆ ತುದಿಯಲ್ಲಿ ಅದರ ಇಮ್ಮಡಿಯ ಹತ್ತಿರ ಬರುತ್ತದೆ. ಅವನು ಬಾಗಿಲನ್ನು ಇನ್ನೂ ಎರಡು ಸಲ ತಳ್ಳಿ ನೋಡಿ ತಲೆದೂಗಿದ.

ನವೆಂಬರಿನ ಒಂದು ಶನಿವಾರ ಕೆಲಸ ಹಿಡಿದೆವು. ಹಿಂದಿನ ಗಾಲಿಗಳಿಗೆ ಅಡ್ಡ ಮರದ ತುಂಡು ಕೊಟ್ಟು, ಮುಂದಿನ ಗಾಲಿಗಳ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಜ್ಯಾಕಿನಿಂದ ಎತ್ತಿ, ಚಾಸಿಯ ಅಡಿಗೆ ಎರಡು ಉಕ್ಕಿನ ಸ್ಟ್ಯಾಂಡು ಕೊಟ್ಟೆವು. ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಕೂಡದು ಎಂದು ಹಿರಿಯರು ಮಗನಿಗೆ ಮೂರು ಸಲ ಹೇಳಿದರು, ಮೂರು ಸಲವೂ ಅವನಿಂದ ತಿರುಗಿ ಹೇಳಿಸಿದರು. ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಗಾಡಿಯನ್ನು ಪಕ್ಕದಿಂದ ಜೋರಾಗಿ ಅಲುಗಿಸಿ ನೋಡಿದರು. ಆಮೇಲೆ ಬಿಚ್ಚಿದ ಗಾಲಿಯನ್ನು ಚಾಸಿಯ ಕೆಳಗೆ ಮಲಗಿಸಿದರು. ಏನಾದರೂ ಜಾರಿದರೆ ಗಾಲಿಯ ಮೇಲೆ ಬೀಳಲಿ, ಮನುಷ್ಯನ ಮೇಲಲ್ಲ ಎಂದು.

ಸ್ಟ್ರಟ್ಟಿನ ತಲೆಯಲ್ಲಿ ಸುತ್ತಲೂ ಮೂರು ನಟ್ಟು, ನಡುವೆ ಒಂದು. ಹಿರಿಯರು ಜೇಬಿನಿಂದ ಕೆಂಪು ಬಣ್ಣದ ಪೆನ್ಸಿಲು ತೆಗೆದು ನಡುವಿನ ನಟ್ಟಿನ ಮೇಲೆ ಗುರುತು ಹಾಕಿದರು. ಸುತ್ತಲಿನ ಮೂರು ಬಿಚ್ಚಬಹುದು, ಇದನ್ನು ಮುಟ್ಟಕೂಡದು. ಒತ್ತಿ ಕೂರಿಸಿದ ಸ್ಪ್ರಿಂಗನ್ನು ಹಿಡಿದಿರುವುದು ಆ ಒಂದೇ ನಟ್ಟು. ಬಿಚ್ಚಿದರೆ ಸ್ಪ್ರಿಂಗು ಸಿಡಿದು ಜೀವ ತೆಗೆಯುತ್ತದೆ. ಪೂಜೆಯ ದಿನ ಬಾನೆಟ್ಟಿಗೆ ಹಚ್ಚಿದ ಕುಂಕುಮ ಇನ್ನೂ ಅಲ್ಲಲ್ಲಿ ಉಳಿದಿತ್ತು. ಒಳಗಿನ ಈ ಕೆಂಪು ಬೊಟ್ಟು ಕಂಡಾಗ, ಗಾಡಿಯ ನಿಜವಾದ ಹಣೆ ಇದೇ ಅನ್ನಿಸಿ ಮನಸ್ಸಿನಲ್ಲೇ ಕೈಮುಗಿದೆ.

ಬ್ರೇಕಿನ ಪೈಪು ಎಳೆದಾಡದಂತೆ ಅದರ ಕ್ಲಿಪ್ಪು ಬಿಡಿಸಿ, ಗಾಲಿಯ ವೇಗ ಅಳೆಯುವ ತಂತಿ ಬಿಡಿಸಿ, ಟೈ ರಾಡಿನ ತುದಿ ಬಿಡಿಸುವ ತನಕ ಎಲ್ಲ ಸರಾಗ. ಮೇಲಿನ ಬಾಲ್ ಜಾಯಿಂಟಿನಲ್ಲಿ ನಿಂತೆವು. ಅದು ಮೊನಚಾಗುತ್ತ ಹೋಗುವ ಗೂಟ, ಅಂಥದೇ ಮೊನಚು ತೂತಿನಲ್ಲಿ ಕೂತಿರುತ್ತದೆ. ನಟ್ಟು ಬಿಚ್ಚಿದರೂ ಗೂಟ ಬಿಡುವುದಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿದ ಮಳೆ ಧೂಳು ಅದನ್ನು ಒಂದಾಗಿಸಿತ್ತು. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿ, ನಾನು ಸುತ್ತಿಗೆ ಹಿಡಿದು ಗೂಟದ ತುದಿಗೆ ಗುರಿಯಿಟ್ಟೆ. ಹಿರಿಯರು ಕೈ ಹಿಡಿದರು. “ತುದಿಗೆ ಹೊಡೆದರೆ ಎಳೆ ಕೆಡುತ್ತದೆ. ಅದು ಕೂತ ಕಿವಿಗೆ ಹೊಡಿ, ಪಕ್ಕದಿಂದ.” ಇಪ್ಪತ್ತು ಏಟು ಹೊಡೆದೆ. ತೋಳು ಸೋತಿತು. ಮಗ ಹೊಡೆದ. ಹೆಂಡತಿ ಅಡುಗೆಮನೆಯ ಕಿಟಕಿ ತೆರೆದು, “ಏನ್ರೀ, ಎಲ್ಲಾರೂ ಆರಾಮ ಅದೀರಿಲ್ಲ?” ಎಂದು ಕೇಳಿದಳು. ಹಿರಿಯರು ಸುತ್ತಿಗೆ ಇಸಿದುಕೊಂಡು, ಎಲ್ಲೋ ಒಂದು ಕಡೆ ಬೆರಳಿಟ್ಟು ನೋಡಿ, ಎರಡೇ ಏಟು ಹೊಡೆದರು. ಬೆಂಡೆಕಾಯಿ ಮುರಿದ ಸದ್ದಾಯಿತು. ಗೂಟ ಬಿಟ್ಟಿತ್ತು.

ಆ ಸದ್ದು ನನ್ನನ್ನು ಎಲ್ಲಿಗೋ ಒಯ್ದಿತು. ಗಾಲಿಗೆ ಹಳಿ ಕಟ್ಟುವ ದಿನ ನಮ್ಮೂರ ಕಂಬಾರಸಾಲೆಯ ಮುಂದೆ ಅರ್ಧ ಊರು ಸೇರುತ್ತಿತ್ತು. ಹಳಿ ಎಂದರೆ ಮರದ ಗಾಲಿಗೆ ಹೊರಗಿನಿಂದ ತೊಡಿಸುವ ಕಬ್ಬಿಣದ ಬಳೆ. ಅದನ್ನು ಗಾಲಿಗಿಂತ ಒಂದು ಎಳೆ ಚಿಕ್ಕದಾಗಿಯೇ ಮಾಡಿರುತ್ತಾರೆ. ನೆಲದ ಮೇಲೆ ಬಳೆಯ ಸುತ್ತ ಕುಳ್ಳು ಜೋಡಿಸಿ ಬೆಂಕಿ ಹಾಕಿದರೆ ಒಂದು ತಾಸಿನಲ್ಲಿ ಕಬ್ಬಿಣ ಕೆಂಪಗಾಗಿ ಹಿಗ್ಗುತ್ತದೆ. ಆಗ ನಾಲ್ಕು ಜನ ಇಕ್ಕಳದಿಂದ ಎತ್ತಿ ತಂದು ಗಾಲಿಯ ಮೇಲೆ ಇಳಿಸುತ್ತಿದ್ದರು. ಮರ ಭಗ್ಗನೆ ಹೊತ್ತಿ ಹೊಗೆಯೇಳುತ್ತಿತ್ತು. ಕಂಬಾರ ಕೂಗಿದೊಡನೆ ಕೊಡಗಟ್ಟಲೆ ನೀರು. ಕಬ್ಬಿಣ ಕುಗ್ಗುತ್ತ ಹೋದಂತೆ ಗಾಲಿಯ ಒಳಗಿನಿಂದ ಚಟಚಟ ಸದ್ದು ಬರುತ್ತಿತ್ತು. ಅರಗಳೆಲ್ಲ ಗುಂಬದೊಳಗೆ ಬಿಗಿದು ಕೂರುವ ಸದ್ದು ಅದು. ಒಂದು ಮೊಳೆಯಿಲ್ಲ, ಒಂದು ನಟ್ಟಿಲ್ಲ. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಗುಣವೊಂದನ್ನೇ ನಂಬಿ ಕಟ್ಟಿದ ಗಾಲಿ, ಎರೆಹೊಲದ ಕೊರಕಲುಗಳಲ್ಲಿ ಚೀಲಗಟ್ಟಲೆ ಕಾಳು ಹೊತ್ತು ವರ್ಷಗಟ್ಟಲೆ ತಿರುಗುತ್ತಿತ್ತು. ಅಪ್ಪ ಆ ದಿನ ಗಾಲಿ ಆರುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಕೊನೆಗೆ ಗೆಣ್ಣಿನಿಂದ ಪ್ರತಿ ಅರವನ್ನೂ ತಟ್ಟಿ ಕಿವಿಗೊಟ್ಟು ಕೇಳಿ, ಹಣ ಕೊಟ್ಟು ಮನೆಗೆ ಬರುತ್ತಿದ್ದರು.

“ಅಪ್ಪಾ, ಲೈಟ್ ಎಲ್ಲಿ ಹಿಡೀಲಿ?” ಎಂದು ಮಗ ಕೇಳಿದಾಗ ಮರಳಿ ಬಂದೆ. ಬಾಲ್ ಜಾಯಿಂಟು ಬಿಟ್ಟ ಮೇಲೆ ಗಾಲಿಯ ಗುಂಬ ಹೊರಕ್ಕೆ ವಾಲುತ್ತದೆ. ನಾಲ್ಕೂ ಗಾಲಿ ಎಳೆಯುವ ಗಾಡಿಯಾದ್ದರಿಂದ ಒಳಗಿನ ಆಕ್ಸಲ್ಲು ಜಗ್ಗಿ ಕಳಚೀತೆಂದು ಗುಂಬವನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿದೆವು. ಸ್ಟ್ರಟ್ಟು ಹೊರಬಂತು, ತಲೆಗೆ ಬಿಲ್ಲೆ ಕೂತಿತು. ಮರಳಿ ಒಳಗೆ ಹಾಕುವಾಗ ಅದು ಮುಕ್ಕಾಲು ಇಂಚು ಉದ್ದವಾಗಿತ್ತು. ಉದ್ದನೆಯ ಹಾರೆ ಕೊಟ್ಟು ಕೆಳಗಿನ ತೋಳನ್ನು ನಾನು ಮೈಭಾರ ಹಾಕಿ ಅದುಮಿ ಹಿಡಿದೆ. ಹಿರಿಯರು ಸ್ಟ್ರಟ್ಟಿನ ಬುಡವನ್ನು ಅದರ ಸ್ಥಾನಕ್ಕೆ ಜಾರಿಸಿದರು. ಮಗ ಬೋಲ್ಟಿಗೆ ನಟ್ಟು ಹಿಡಿಸಿದ. ಮೂರು ಜನರ ಆರು ಕೈ ಒಂದು ಗಾಲಿಯ ಪೊಟರೆಯೊಳಗೆ ಇದ್ದವು. ಒಂದು ಕಡೆಗೆ ನಾಲ್ಕು ತಾಸು ಹಿಡಿಯಿತು. ಇನ್ನೊಂದು ಕಡೆಗೆ ಒಂದೂವರೆ.

ತೋಳುಗಳ ಬೋಲ್ಟುಗಳ ಕೊನೆಯ ಬಿಗಿತವನ್ನು ಗಾಡಿ ತನ್ನ ಗಾಲಿಯ ಮೇಲೆ ನಿಂತ ನಂತರವೇ ಮಾಡಬೇಕು. ತೂಗಾಡುವಾಗ ಬಿಗಿದರೆ ಒಳಗಿನ ರಬ್ಬರು ಆ ಭಂಗಿಯಲ್ಲೇ ಹಿಡಿದುಕೊಂಡು, ಭಾರ ಬಿದ್ದಾಗ ತಿರುಚಿ ಹರಿಯುತ್ತದೆ. ಭಾರ ಹೊತ್ತು ನಿಂತಾಗಲೇ ಬಿಗಿ ಎಂಬುದನ್ನು ಹಿರಿಯರು ಹೇಳಿದಾಗ ನನಗೆ ನೊಗ ಎತ್ತಿ ನೋಡುವ ಅಪ್ಪನ ಅಂಗೈ ನೆನಪಾಯಿತು. ಗಾಲಿಯ ನಟ್ಟುಗಳಿಗೆ 150 ಪೌಂಡ್-ಅಡಿ. ಟಾರ್ಕ್ ಪಾನಾ ಟಕ್ಕೆನ್ನುವ ತನಕ ಎಳೆಯುವ ಕೆಲಸ ಮಗನದು. ನಕ್ಷತ್ರ ಬರೆದಂತೆ ಎದುರುಬದುರು ಬಿಗಿಯುತ್ತ ಅವನು ಪ್ರತಿ ಟಕ್ಕಿಗೂ ಎಣಿಸಿದ.

ಸಂಜೆ ಚರ್ಚಿನ ಪಕ್ಕದ ಸಮತಟ್ಟು ಪಾರ್ಕಿಂಗಿಗೆ ಒಯ್ದು ಅಳೆದೆವು. ಮುಂದೆ ಮೂವತ್ತೆಂಟು. ಮೂತಿ ಎತ್ತಿದ್ದರಿಂದ ದೀಪಗಳೂ ಎತ್ತಿಕೊಂಡು ಎದುರಿಗೆ ಬರುವವರ ಕಣ್ಣು ಕುಕ್ಕುತ್ತವೆ. ಗೋಡೆಯಿಂದ 25 ಅಡಿ ದೂರ ನಿಂತು, ಬೆಳಕಿನ ಅಂಚನ್ನು ಗುರುತಿನ ಪಟ್ಟಿಗೆ ಇಳಿಸಿಕೊಂಡೆವು. ಸೋಮವಾರ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿದೆ. ಅದನ್ನು ತಪ್ಪಿಸಿದರೆ ಟೈರು ಒಂದೇ ಪಕ್ಕ ಸವೆಯುತ್ತದೆ.

ಆ ಪಾರ್ಕಿಂಗಿನಲ್ಲೇ ಹಿರಿಯರು ಇನ್ನೊಂದು ಸಂಗತಿ ಹೇಳಿದರು. ಮುಂಭಾಗವನ್ನು ಮನಬಂದಂತೆ ಎತ್ತಿ ಹಿಂಭಾಗ ಇಳಿಸುವ ಒಂದು ಚಾಳಿ ಕೆಲವು ವರ್ಷ ಹಬ್ಬಿತ್ತು. ಕೆರೊಲಿನಾ ಸ್ಕ್ವಾಟ್ ಎಂದು ಅದರ ಹೆಸರು. ಮೂತಿ ಆಕಾಶ ನೋಡುವುದರಿಂದ ಓಡಿಸುವವನಿಗೆ ಗಾಡಿಯ ಮುಂದೆ ನಡೆಯುವ ಮಗು ಕಾಣುವುದಿಲ್ಲ. ನಾರ್ತ್ ಕೆರೊಲಿನಾ 2021ರಲ್ಲಿ, ವರ್ಜೀನಿಯಾ 2022ರಲ್ಲಿ, ಸೌತ್ ಕೆರೊಲಿನಾ 2023ರಲ್ಲಿ ಅದನ್ನು ಕಾನೂನಿನಿಂದ ನಿಲ್ಲಿಸಿದವು. ಒಳ್ಳೆಯ ಕಾನೂನು. ಹಿಂಭಾರದ ಗಾಡಿಯನ್ನು ನಮ್ಮೂರಲ್ಲಿ ಹೂಡುತ್ತಲೇ ಇರಲಿಲ್ಲ.

ಚಳಿಗಾಲ ಕಳೆದು ಫೆಬ್ರವರಿಯ ಕೊನೆಗೆ ಬೇಸಿಗೆ ಬೆಳೆಯ ಮಡಿ ಸಿದ್ಧಮಾಡುವ ಹೊತ್ತು ಬಂತು. ಎರೆಯಂಥ ಈ ಜಿಗುಟು ಮಣ್ಣಿನಲ್ಲಿ ಬದನೆ, ಮೆಣಸು ಬೇಗ ಬೇರು ಬಿಡುವುದಿಲ್ಲ. ಅರ್ಧ ಘನಗಜ ತೋಟದ ಮಣ್ಣು ಕೊಂಡು ಹೇರಿಸಿದೆ. ತೂಕ ಸುಮಾರು 450 ಕಿಲೊ. ಬಾಗಿಲ ಕಂಬದ ಚೀಟಿಯಲ್ಲಿ ಬರೆದ ಮಿತಿಯೊಳಗೇ ಇತ್ತು. ಯಂತ್ರದ ಬಾಯಿ ಮಣ್ಣು ಸುರಿಯುವಾಗ ನಾನು ಕೈ ಬೀಸಿ ಕೂಗಿದೆ: ಮುಂದಕ್ಕೆ, ಇನ್ನೂ ಮುಂದಕ್ಕೆ, ಅಚ್ಚಿನ ಮುಂದಕ್ಕೆ.

ಮನೆಗೆ ಬಂದು ನಿಲ್ಲಿಸಿದಾಗ ಬೆಳಗಿನ ಒಂಬತ್ತು. ಅಪ್ಪನಿಗೆ ಕರೆ ಮಾಡಿದೆ.

“ಮಣ್ಣೂ ಕೊಂಡ್ಕೊಂತೀರೇನೋ?” ಎಂದು ಬೆರಗಾದರು. ಆಮೇಲೆ, “ಬಾಜೂ ತೋರಿಸು,” ಎಂದರು. ಫೋನನ್ನು ನೆಲದ ಎತ್ತರಕ್ಕೆ ಇಳಿಸಿ, ಗಾಡಿಯ ಮೂತಿಯಿಂದ ಹಿಂಬಾಗಿಲ ತನಕ ಮೆಲ್ಲಗೆ ನಡೆದೆ. ಬಾಗಿಲ ಕೆಳಗಿನ ಗೆರೆ ಹಿಂದಿನಂತೆ ಜಾರುತ್ತಿರಲಿಲ್ಲ. ಮಗ ಹಿಂಬಾಗಿಲು ಇಳಿಸಿ, ಅಂಚಿನ ಹತ್ತಿರ ಕೈಯಿಂದ ಮಣ್ಣು ಸರಿಸಿ, ಒಂದು ಸಾಲು ಬಿಡಿಸಿ, ಅಡುಗೆಮನೆಯಿಂದ ತಂದ ನಿಂಬೆಹಣ್ಣು ಇಟ್ಟ. ನೆಲ ಬೀದಿಗೆ ಬಾಗಿತ್ತು, ಗಾಡಿಯ ಹಿಂಭಾಗ ಹೇರಿಗೆ ತಗ್ಗಿತ್ತು. ಹಣ್ಣು ಒಂದು ಸಲ ಆಚೆ, ಒಂದು ಸಲ ಈಚೆ ಹೊರಳಿ ಅಲ್ಲೇ ನಿಂತಿತು.

ಅಪ್ಪ ಬಹಳ ಹೊತ್ತು ನೋಡಿದರು.

“ಈಗ ನಿಂತೈತಿ ನೋಡು,” ಎಂದರು. “ಇಳಸೂ ಮುಂದ ಹಿಂದಿಂದ ಇಳಸಪಾ. ಮುಂದಿಂದು ಮೊದಲ ತಗದ್ರ ನೊಗ ಮ್ಯಾಲೆದ್ದೀತು.”

ನಾಲ್ಕು ಗಾಲಿಯ ಗಾಡಿಗೆ ಆ ಭಯವಿಲ್ಲ ಎಂದು ನಾನು ಹೇಳಲಿಲ್ಲ. “ಹೂನಪ್ಪಾ,” ಎಂದೆ. ಫೋನನ್ನು ಅಂಗಳ ಕಾಣುವ ಹಾಗೆ ಕಿಟಕಿಯ ಕಟ್ಟೆಗೆ ಒರಗಿಸಿಟ್ಟು, ಮಗನ ಕೈಗೊಂದು ಸಲಿಕೆ ಕೊಟ್ಟು, ಹಿಂದಿನಿಂದ ಶುರುಮಾಡಿದೆ.